ಯಾರಿಗೆ ಹೇಳಿಕೊಂಡದ್ದು? ಆತ್ಮನಿವೇದನೆಯ ಕವಿತೆಗೊಂದು ಕೈಪಿಡಿ

ಕವಿ ತನ್ನ ಮನೆಯ ಸಾವು, ದಾಂಪತ್ಯದ ಬಿರುಕು, ಮನಸ್ಸಿನ ಸಣ್ಣತನ ಇವನ್ನೆಲ್ಲ ಪದ್ಯದಲ್ಲಿ ತೋಡಿಕೊಂಡಾಗ ಹೊಸ ಓದುಗರು ಕೇಳುವ ಮೊದಲ ಪ್ರಶ್ನೆ, ‘ಇದು ನಿಜವಾಗಿ ನಡೆದದ್ದೇ?’ ಕುತೂಹಲ ಸಹಜ. ಆದರೆ ಅದಕ್ಕೆ ಉತ್ತರ ಸಿಕ್ಕಿತೆಂದು ಕವಿತೆ ಸಿಕ್ಕಂತಲ್ಲ. ‘ಇದನ್ನು ಯಾರಿಗೆ ಹೇಳಿಕೊಂಡದ್ದು?’ ಎಂದು ಕೇಳಿ ನೋಡಿ. ಬಹುತೇಕ ಕವಿತೆಗಳು ಆ ಬಾಗಿಲಿನಿಂದಲೇ ತೆರೆದುಕೊಳ್ಳುತ್ತವೆ.

ಅಮೆರಿಕದ ರಾಬರ್ಟ್ ಲೋವೆಲ್ ತನ್ನ ಮನೆತನ, ಮನೋರೋಗ, ಆಸ್ಪತ್ರೆವಾಸಗಳನ್ನು ‘ಲೈಫ್ ಸ್ಟಡೀಸ್’ ಸಂಕಲನದಲ್ಲಿ ಬರೆದಾಗ, ವಿಮರ್ಶಕ ಎಂ. ಎಲ್. ರೋಸೆಂತಾಲ್ ಇದನ್ನು ತಪ್ಪೊಪ್ಪಿಗೆಯ ಕಾವ್ಯ ಎಂಬ ಅರ್ಥದಲ್ಲಿ ‘ಕನ್ಫೆಷನಲ್’ ಎಂದ. ಅದು 1959. ತೇರದಾಳ, ಜಮಖಂಡಿ, ಮುಧೋಳ, ಬೀಳಗಿಯ ಸೀಮೆಯವರಿಗೆ ಈ ಜಾತಿಯ ಕಾವ್ಯ ಅಷ್ಟು ಹೊಸದಲ್ಲ. ಹಾಗಾಗಿ ಪಾಠವನ್ನು ಇಲ್ಲಿಂದಲೇ ಹಿಡಿಯೋಣ.

ಕೇಳುವವರನ್ನು ಹುಡುಕಿ

ಬಸವಣ್ಣನವರ ವಚನಗಳಲ್ಲಿ ತಮ್ಮನ್ನು ತಾವೇ ಜರಿದುಕೊಳ್ಳುವವು ಬಹಳ. ತಮ್ಮ ಚಂಚಲ ಮನಸ್ಸು, ಹುಸಿ ಭಕ್ತಿ, ಆಸೆ ಎಲ್ಲವನ್ನೂ ಅವರು ಹೊರಗೆ ಹಾಕುತ್ತಾರೆ. ಹಾಗೆ ಹಾಕುವುದು ಕೂಡಲಸಂಗಮದೇವನ ಮುಂದೆ. ಕೊನೆಗೆ ಬರುವ ಅಂಕಿತವನ್ನು ರುಜುವಿನಂತೆ ಓದಿ ಮುಗಿಸಬೇಡಿ. ಅದು ಕೂಗಿ ಕರೆದ ಹೆಸರು. ವಚನದ ಮಾತೆಲ್ಲ ಆ ಹೆಸರಿನ ಕಡೆಗೇ ಹರಿದು ಬರುತ್ತದೆ. ಗಟ್ಟಿಯಾಗಿ ಓದುವಾಗ ಅಂಕಿತದ ಮುಂಚೆ ಒಂದು ಕ್ಷಣ ನಿಂತರೆ ದನಿ ಬೇಡಿಕೆಯದೋ, ಜಗಳದ್ದೋ, ನಾಚಿಕೆಯದೋ ಎಂಬುದು ತಿಳಿಯುತ್ತದೆ.

ತೇರದಾಳದ ಆರಾಧ್ಯ ದೈವ ಅಲ್ಲಮಪ್ರಭು. ಆತ್ಮನಿವೇದನೆಯ ವಿಷಯದಲ್ಲಿ ಪ್ರಭುದೇವರ ಪಾತ್ರ ವಿಶಿಷ್ಟವಾದದ್ದು. ಹದಿನೈದನೆಯ ಶತಮಾನದ ‘ಶೂನ್ಯಸಂಪಾದನೆ’ಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅವರು ಆಕೆಯನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಕೆಯ ಗಂಡ ಯಾರು, ಬಟ್ಟೆ ತೊರೆದ ಮೇಲೂ ಕೂದಲಿನ ಮರೆ ಏಕೆ ಎಂದು ನಿಷ್ಠುರವಾಗಿ ಪ್ರಶ್ನಿಸುತ್ತಾರೆ. ಅಕ್ಕನ ಉತ್ತರಗಳು ಹರಿತವಾಗುವುದು ಆ ಪ್ರಶ್ನೆಗಳಿಂದಲೇ. ಅನುಕಂಪದಿಂದ ತಲೆದೂಗುವವರ ಮುಂದೆ ಹೇಳಿದ್ದು ಅಳುವಾಗಿಯೇ ಉಳಿಯಬಹುದು, ಸುಳ್ಳನ್ನು ಸಹಿಸದವರ ಮುಂದೆ ಹೇಳಿದ್ದು ಕಾವ್ಯವಾಗುತ್ತದೆ. ಯಾವ ಕವಿತೆ ಓದಿದರೂ, ಕವಿ ಎಂಥ ಕೇಳುಗರನ್ನು ಎದುರಿಗೆ ಕೂರಿಸಿಕೊಂಡಿದ್ದಾನೆ ಎಂದು ನೋಡಿ.

‘ನಾನು’ ಎಂದವರನ್ನು ಕವಿಯೆಂದೇ ನಂಬಬೇಡಿ

ಮುಧೋಳದ ರನ್ನ ‘ಅಜಿತಪುರಾಣ’ದಲ್ಲಿ (993) ತಾನು ಬಳೆಗಾರರ ಕುಲದವನೆಂದು ಹೇಳಿಕೊಳ್ಳುತ್ತಾನೆ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಇಬ್ಬರು ಹೆಂಡಿರು, ಮಕ್ಕಳು ಎಲ್ಲರ ಹೆಸರೂ ಅಲ್ಲಿವೆ. ಮಗಳಿಗೆ ಇಟ್ಟದ್ದು ಆಶ್ರಯ ಕೊಟ್ಟ ಅತ್ತಿಮಬ್ಬೆಯ ಹೆಸರನ್ನೇ. ಇದು ಸ್ವಂತದ ಮಾತು, ಅಭಿಮಾನದ ಮಾತು. ಆದರೂ ಆತ್ಮನಿವೇದನೆಯಲ್ಲ. ತನ್ನ ವಿವರ ಕೊಡುವುದು ಬೇರೆ, ತನ್ನನ್ನೇ ಪಣಕ್ಕಿಡುವುದು ಬೇರೆ.

ಇದಕ್ಕೆ ಎದುರಾಗಿ ಸಿಲ್ವಿಯಾ ಪ್ಲಾತ್ 1962ರಲ್ಲಿ ಬರೆದ ‘ಡ್ಯಾಡಿ’ ಇದೆ. ಆಕೆಗೆ ಎಂಟು ವರ್ಷವಾಗಿದ್ದಾಗ ತಂದೆ ತೀರಿಕೊಂಡಿದ್ದರು. ಕವಿತೆ ಆ ಸತ್ತ ತಂದೆಯನ್ನೇ ನಿಲ್ಲಿಸಿಕೊಂಡು ಮಾತಾಡುತ್ತದೆ, ಅವರನ್ನು ನಾಜಿಯಂತೆ ಚಿತ್ರಿಸುತ್ತದೆ. ನಿಜದಲ್ಲಿ ಅವರು ಕೀಟಶಾಸ್ತ್ರದ ಪ್ರಾಧ್ಯಾಪಕರು, ನಾಜಿ ಅಲ್ಲ. ರೇಡಿಯೊ ವಾಚನಕ್ಕೆ ಬರೆದ ಟಿಪ್ಪಣಿಯಲ್ಲಿ ಪ್ಲಾತ್, ಇದನ್ನು ಹೇಳುವವಳು ಒಬ್ಬ ಹುಡುಗಿ ಎಂದು ತನ್ನಿಂದ ದೂರ ಇಟ್ಟೇ ಪರಿಚಯಿಸಿದಳು. ನೋವು ಆಕೆಯದು, ಪಾತ್ರ ಕಟ್ಟಿದ್ದು. ಅನುಭವ ಕವಿತೆಗೆ ಬರುವುದು ಹೀಗೆ ರೂಪ ಬದಲಿಸಿಕೊಂಡೇ.

ಛಂದಸ್ಸಿಗೆ ಕಿವಿಗೊಡಿ

ನಮ್ಮ ಕಡೆಯ ಬೀಸುವ ಪದ, ಕುಟ್ಟುವ ಪದಗಳಲ್ಲಿ ಹೆಣ್ಣುಮಕ್ಕಳು ತವರಿನ ಹಂಬಲ, ಅತ್ತೆಮನೆಯ ಕಷ್ಟ, ಬಂಜೆತನದ ಸಂಕಟ ಎಲ್ಲವನ್ನೂ ಹಾಡಿಕೊಂಡರು. ಅದನ್ನು ಕೇಳಿಸಿಕೊಂಡದ್ದು ಬೀಸುವ ಕಲ್ಲು, ಜೊತೆಗೆ ಕೂತ ಗೆಳತಿ, ದೂರದ ಹಡೆದವ್ವ. ಹಲಸಂಗಿಯ ಗೆಳೆಯರು ಇವನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು.

ಇವುಗಳ ಅಚ್ಚು ತ್ರಿಪದಿ. ಮೂರು ಸಾಲು, ಹನ್ನೊಂದು ಗಣ. ನಮ್ಮ ಜಿಲ್ಲೆಯ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಈ ಛಂದಸ್ಸು ಇದೆ, ಅಷ್ಟು ಹಳೆಯದು. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮತ್ತೆ ಎತ್ತಿಕೊಂಡು ಆಮೇಲೆ ಮೂರನೆಯ ಸಾಲಿಗೆ ಹೋಗುತ್ತಾರೆ. ಆ ಮರುಕಳಿಕೆಯಲ್ಲಿ ದುಃಖ ಒಂದು ಗಳಿಗೆ ತಡೆದು ನಿಲ್ಲುತ್ತದೆ, ಮೂರನೆಯ ಸಾಲಿನಲ್ಲಿ ಬಿಡುಗಡೆಯಾಗುತ್ತದೆ. ಒಬ್ಬಳ ಸಂಕಟ ಊರಿನವರ ಬಾಯಲ್ಲೆಲ್ಲ ನಿಂತದ್ದು ಈ ಕಟ್ಟುಪಾಡಿನ ಬಲದಿಂದ. ಮುಕ್ತಛಂದದ ಕವಿತೆಯಲ್ಲೂ ಇದನ್ನೇ ಗಮನಿಸಿ. ಸಾಲು ಎಲ್ಲಿ ಮುರಿಯಿತು, ಯಾವ ಮಾತು ಮತ್ತೆ ಬಂತು?

ಹೇಳದೆ ಬಿಟ್ಟದ್ದನ್ನು ನೋಡಿ

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹುಟ್ಟಿದ್ದು ಮಗುವಿನ ಸಾವಿನಿಂದ. ಆದರೆ ಕವಿತೆ ಆ ಸಾವಿನ ವರದಿ ಒಪ್ಪಿಸುವುದಿಲ್ಲ. ಗಂಡ ಹೆಂಡತಿಯ ಮುಖವನ್ನಷ್ಟೇ ನೋಡುತ್ತಾನೆ, ಆಕೆಯ ನೋಟವನ್ನು ತಾಳಲಾರದೆ ಮಾತಾಡುತ್ತಾನೆ. ಕೇಳುವವಳೂ ಅದೇ ದುಃಖದಲ್ಲಿ ಇದ್ದಾಳೆ, ಆಕೆಗೆ ಹೊಸದಾಗಿ ತಿಳಿಸುವುದು ಏನೂ ಇಲ್ಲ. ಆದ್ದರಿಂದಲೇ ಮುಖ್ಯ ಸಂಗತಿಯನ್ನು ಹೇಳುವ ಅಗತ್ಯ ಬೀಳುವುದಿಲ್ಲ. ಕೇಳುಗರು ಬದಲಾದರೆ ಕವಿತೆಯ ಮೌನವೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಕನ್ನಡದಲ್ಲಿ ನನಗೆ ಕಂಡಿಲ್ಲ.

ಲಂಕೇಶರ ‘ಅವ್ವ’ದ ಕೇಳುಗರು ಬೇರೆ. ತಾಯಿಯೆಂದರೆ ಸಾವಿತ್ರಿ, ಸೀತೆಯರಂತೆ ಇರಬೇಕು ಎಂದು ನಂಬಿಕೊಂಡ ಲೋಕದ ಮುಂದೆ, ಮಣ್ಣಿನಲ್ಲಿ ದುಡಿದ ತನ್ನವ್ವ ಅಂಥವಳಲ್ಲ ಎಂದು ಮಗ ನಿಂತು ಹೇಳುತ್ತಾನೆ. ಅದರ ಒರಟುತನ ಮೂಡಿದ್ದು ಆ ವಾದದ ಬಿಸಿಯಲ್ಲಿ.

ಕವಿತೆಯೊಳಗೆ ಸಿಕ್ಕಿಕೊಂಡವರು

ಸ್ವಂತದ ಕಥೆಯಲ್ಲಿ ಯಾವಾಗಲೂ ಬೇರೆಯವರು ಇರುತ್ತಾರೆ. ಲೋವೆಲ್ 1973ರ ‘ದಿ ಡಾಲ್ಫಿನ್’ನಲ್ಲಿ ತಾನು ಬಿಟ್ಟುಬಂದ ಹೆಂಡತಿಯ ಪತ್ರಗಳನ್ನು ತಿದ್ದಿ ಬಳಸಿಕೊಂಡ. ಗೆಳತಿ, ಕವಿ ಎಲಿಜಬೆತ್ ಬಿಷಪ್ ಇದು ಕೂಡದೆಂದು ಮೊದಲೇ ಪತ್ರ ಬರೆದಿದ್ದಳು. ಪುಸ್ತಕಕ್ಕೆ ಪುಲಿಟ್ಜರ್ ಬಂತು, ಪ್ರಶ್ನೆ ಮಾತ್ರ ಹೋಗಲಿಲ್ಲ. ಕವಿ ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದಾನೋ, ಇನ್ನೊಬ್ಬರ ಗುಟ್ಟನ್ನು ಬಯಲಿಗಿಡುತ್ತಿದ್ದಾನೋ ಎಂದು ತೂಗಿ ನೋಡುವುದು ರಸಿಕತೆಯ ಭಾಗವೇ.

ಎಲ್ಲಿಂದ ಆರಂಭಿಸಬೇಕು?

ಮೊದಲು ಕೇಳಿ. ಮನೆಯಲ್ಲೋ ಓಣಿಯಲ್ಲೋ ಬೀಸುವ ಪದ ಬಲ್ಲ ಹಿರಿಯರಿದ್ದರೆ ಹಾಡಿಸಿ, ಸಾಧ್ಯವಾದರೆ ಬರೆದಿಟ್ಟುಕೊಳ್ಳಿ. ಆಮೇಲೆ ಬಸವಣ್ಣ ಮತ್ತು ಅಕ್ಕನ ವಚನಗಳನ್ನು ದಿನಕ್ಕೊಂದರಂತೆ ಗಟ್ಟಿಯಾಗಿ ಓದಿ. ಅಲ್ಲಿಂದ ಬೇಂದ್ರೆಯವರ ‘ಸಖೀಗೀತ’ಕ್ಕೆ ಹೋದರೆ ದಾಂಪತ್ಯದ ಸುಖದುಃಖ ದೀರ್ಘ ಕಾವ್ಯವಾದ ಬಗೆ ಕಾಣುತ್ತದೆ. ಹಲಸಂಗಿಯ ಮಧುರಚೆನ್ನರ ‘ನನ್ನ ನಲ್ಲ’ದಲ್ಲಿ ಅಧ್ಯಾತ್ಮದ ತಳಮಳ ಪ್ರೇಮದ ಮಾತಿನಲ್ಲಿ ಬಂದಿದೆ. ನಂತರ ಲಂಕೇಶ್, ಪ್ರತಿಭಾ ನಂದಕುಮಾರ್. ಕವಿಚರಿತ್ರೆಯನ್ನು ಕೊನೆಗೆ ಓದಿ, ಕವಿತೆ ನಿಮ್ಮ ಕೈಗೆ ಬಂದ ಮೇಲೆ.

ಪ್ರತಿ ಸಲವೂ ಮೂರು ಪ್ರಶ್ನೆ ಹಾಕಿಕೊಂಡರೆ ಸಾಕು. ಯಾರಿಗೆ ಹೇಳಿದ್ದು? ಏನನ್ನು ಹೇಳದೆ ಬಿಟ್ಟದ್ದು? ಹೇಳಿದ್ದರಿಂದ ಕವಿ ಪಣಕ್ಕಿಟ್ಟದ್ದು ಏನನ್ನು? ಈ ಮೂರಕ್ಕೆ ಉತ್ತರ ಹುಡುಕುತ್ತ ಹೋದವರಿಗೆ ಕವಿಯ ಖಾಸಗಿ ಬದುಕನ್ನು ಇಣುಕುವ ಚಪಲ ತಾನಾಗಿ ಇಳಿಯುತ್ತದೆ. ಕವಿ ಕೂರಿಸಿಕೊಂಡ ಕೇಳುಗರ ಜಾಗದಲ್ಲಿ ತಾವೇ ಕೂತಿದ್ದೇವೆ, ತಮಗೂ ಜವಾಬು ಕೊಡುವ ಹೊಣೆಯಿದೆ ಎಂಬುದು ಅರಿವಿಗೆ ಬರುತ್ತದೆ.