ಮೇಲಿನವರ ಕತೆ, ಕೆಳಗಿನವರ ಕಣ್ಣು

ನಮ್ಮ ಭಾಗದ ಹಳ್ಳಿಗಳಿಗೆ ಟೆಲಿವಿಷನ್ ಮೊದಲು ಬಂದದ್ದು ಆಕಾಶದಿಂದ. 1975ರ ಆಗಸ್ಟ್ 1ರಂದು ಅಮೆರಿಕದಿಂದ ಕಡ ತಂದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಪ್ರಯೋಗ ಶುರುವಾಯಿತು. ಕರ್ನಾಟಕದ ಪಾಲಿಗೆ ಆರಿಸಿದ್ದು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ವರ್ಷ ತುಂಬಿದ ಕೂಡಲೇ ಅಮೆರಿಕದವರು ತಮ್ಮ ಉಪಗ್ರಹವನ್ನು ವಾಪಸು ಪಡೆದರು. ಹಿಂದುಳಿದವರ ಮೇಲೆ ಪ್ರಯೋಗ ಮಾಡುವುದು, ಮುಗಿದ ಮೇಲೆ ಗಂಟು ಕಟ್ಟಿಕೊಂಡು ಹೋಗುವುದು ನಮಗೆ ಹೊಸದಲ್ಲ.

ಈಗ ಅಮೆರಿಕದ ಕತೆಗಳು ಕಿಸೆಯೊಳಗಿನ ಮೊಬೈಲಿಗೇ ಇಳಿಯುತ್ತವೆ. 2024ರ ಜನವರಿಯಿಂದ ಮಾರ್ಚ್‌ವರೆಗೆ ಒಂಬತ್ತು ಕಂತುಗಳಲ್ಲಿ ಬಂದ 'ಮಾಸ್ಟರ್ಸ್ ಆಫ್ ದಿ ಏರ್' ಅಂಥದೊಂದು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನಿಂದ ಹಾರಿ ಜರ್ಮನಿಯ ಮೇಲೆ ಬಾಂಬು ಹಾಕಿದ ಅಮೆರಿಕದ ನೂರನೆಯ ಬಾಂಬರ್ ಪಡೆಯ ಹುಡುಗರ ಕತೆ ಇದು. ನಾವು ಇದನ್ನು ಎರಡು ಕಡೆ ನೋಡಿದೆವು: ಕಲಬುರಗಿಯಲ್ಲಿ ವಿದ್ಯಾರ್ಥಿ ಗೆಳೆಯರ ಕೋಣೆಯಲ್ಲಿ, ಆಮೇಲೆ ಕಮಲಾಪುರದಲ್ಲಿ, ಮಾಸ್ತರರಾದ ಗೆಳೆಯರೊಬ್ಬರ ಮನೆಯಲ್ಲಿ, ಓಣಿಯ ಹತ್ತಾರು ಜನರ ಜೊತೆ. ಇಂಗ್ಲಿಷ್ ಮಾತು ಅರ್ಧ ತಿಳಿಯಿತು, ಅರ್ಧ ನಾವೇ ಬಿಡಿಸಿ ಹೇಳಿದೆವು. ನಾಟಕಕ್ಕಿಂತ ನೋಡಿದವರು ಆಡಿದ ಮಾತೇ ನಮಗೆ ಮುಖ್ಯವಾಗಿ ಕಂಡದ್ದರಿಂದ ಇದನ್ನು ಬರೆಯುತ್ತಿದ್ದೇವೆ.

ನಾಟಕದ ಗುಣವನ್ನು ಮೊದಲು ಒಪ್ಪಬೇಕು. ಇದು ಯುದ್ಧವನ್ನು ಬರೀ ಜೈಕಾರ ಮಾಡಿಲ್ಲ. ಒಂದೊಂದು ವಿಮಾನದಲ್ಲಿ ಹತ್ತು ಜನ, ಬಹಳ ಮಂದಿಗೆ ಇಪ್ಪತ್ತರ ಆಚೀಚೆ ವಯಸ್ಸು. ಮೇಲೆ ಹೆಪ್ಪುಗಟ್ಟಿಸುವ ಚಳಿ, ಕೆಳಗಿನಿಂದ ತೋಪಿನ ಗುಂಡು. 1943ರ ಅಕ್ಟೋಬರ್ 10ರಂದು ಮ್ಯೂನ್‌ಸ್ಟರ್ ನಗರದ ಮೇಲೆ ಹೋದ ಈ ಪಡೆಯ 13 ವಿಮಾನಗಳಲ್ಲಿ ತಿರುಗಿ ಬಂದದ್ದು ಒಂದೇ ಒಂದು. ಆ ಒಂದು ವಿಮಾನ ಇಳಿಯುವಾಗ ನಮ್ಮ ಕೋಣೆಯಲ್ಲಿ ಯಾರೂ ಉಸಿರು ಬಿಡಲಿಲ್ಲ.

ದಿನಾ ನಸುಕಿನಲ್ಲಿ ಎದ್ದು ಮಿಲಿಟರಿ ಭರ್ತಿಗಾಗಿ ಓಡುವ ಹುಡುಗನೊಬ್ಬ ನಮ್ಮ ಜೊತೆ ಕೂತಿದ್ದ. ಇಪ್ಪತ್ತೈದು ಸಲ ಹೋಗಿ ಜೀವಂತ ಬಂದರೆ ಊರಿಗೆ ಕಳಿಸುತ್ತಾರೆಂಬ ನಿಯಮ ಕೇಳಿ ಅವನ ಕಿವಿ ನಿಮಿರಿತು. ಆ ಇಪ್ಪತ್ತೈದನ್ನು ಆಮೇಲೆ ಮೂವತ್ತು, ಮೂವತ್ತೈದು ಮಾಡಿದರು ಎಂದು ಹೇಳಿದೆವು. ಅವನು ನಕ್ಕ: "ಅವರಿಗಿ ಇಪ್ಪತ್ತೈದ್ ಸಲ. ನಮಗ ನಾಕ್ ವರ್ಷ. ಆಮ್ಯಾಲ ನೂರಾಗ ಇಪ್ಪತ್ತೈದ್ ಮಂದಿ ಒಳಗ, ಉಳದೋರು ಮನಿಗಿ." 2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಲೆಕ್ಕವನ್ನು ಇಷ್ಟು ಚೊಕ್ಕಾಗಿ ಯಾವ ಭಾಷಣಕಾರನೂ ಹೇಳಿರಲಿಕ್ಕಿಲ್ಲ. ಆದರೂ ಅವನು ಮರುದಿನ ನಸುಕಿನಲ್ಲಿ ಎದ್ದು ಓಡಲು ಹೋದ. ಹೊಲವಿಲ್ಲದ ಮನೆಯ ಹುಡುಗ ಬೇರೆ ಎಲ್ಲಿಗೆ ಓಡಬೇಕು? ಅವನನ್ನು ಯುದ್ಧಪ್ರಿಯನೆಂದು ಬೈಯುವ ಹಕ್ಕು ಹೊಟ್ಟೆ ತುಂಬಿದ ಶಾಂತಿವಾದಿಗಳಿಗಿಲ್ಲ.

ವಿದ್ಯಾರ್ಥಿ ಗೆಳೆಯರ ಸಿಟ್ಟು ಎಂಟನೆಯ ಕಂತಿಗೆ. ಅಲ್ಲಿಯತನಕ ಕಾಣದ ಕಪ್ಪು ಪೈಲಟ್ಟುಗಳು ಆ ಕಂತಿನಲ್ಲಿ ಒಮ್ಮೆಗೇ ಬರುತ್ತಾರೆ. ಅಲಬಾಮಾದ ಟಸ್ಕೀಗಿಯಲ್ಲಿ ತರಬೇತಿ ಪಡೆದು, ತಮ್ಮದೇ ಸೇನೆಯಲ್ಲಿ ಬೇರೆ ಪಡೆ, ಬೇರೆ ಪಂಕ್ತಿ ಅನುಭವಿಸಿದವರು ಅವರು. 1944ರ ಆಗಸ್ಟಿನಲ್ಲಿ ದಕ್ಷಿಣ ಫ್ರಾನ್ಸಿನ ಮೇಲೆ ಮೂವರ ವಿಮಾನ ಬೀಳುತ್ತದೆ. ಸೆರೆ ಸಿಕ್ಕು, ಬಿಳಿಯ ಪೈಲಟ್ಟುಗಳಿದ್ದ ಜರ್ಮನ್ ಶಿಬಿರಕ್ಕೇ ಬಂದು ಸೇರುತ್ತಾರೆ. ಸ್ವದೇಶದ ಸೇನೆ ಅವರನ್ನು ಬಿಳಿಯರ ಸಾಲಿನಲ್ಲಿ ಕೂರಿಸಿರಲಿಲ್ಲ, ಶತ್ರುವಿನ ಜೈಲು ಕೂರಿಸಿತು. ಇಷ್ಟು ದೊಡ್ಡ ವಸ್ತುವನ್ನು ನಾಟಕ ಒಂದು ಕಂತಿನ ಒಂದು ಭಾಗದಲ್ಲಿ ಮುಗಿಸಿಬಿಡುತ್ತದೆ. ಅಮೆರಿಕದ ಪ್ರೇಕ್ಷಕರಲ್ಲೂ ಅನೇಕರು ಇದನ್ನೇ ದೂರಿದರು. ನಮ್ಮ ಹುಡುಗಿಯೊಬ್ಬಳು ಹೇಳಿದ್ದು ಇಷ್ಟು: "ಜಾತ್ರಿ ಊಟದಾಗ ಕಡೀ ಪಂಕ್ತಿ ನಮ್ದೇ ಅಲ್ರಿ, ಇದೂ ಹಂಗೇ ಅದ."

ಈ ಕತೆ ನಮ್ಮಿಂದ ದೂರದ್ದಲ್ಲ. ಯೋಧ ಜಾತಿ, ಯೋಧರಲ್ಲದ ಜಾತಿ ಎಂದು ಬ್ರಿಟಿಷರು ವಿಂಗಡಿಸಿ ಮಹಾರರ ಭರ್ತಿಯನ್ನು ನಿಲ್ಲಿಸಿದ್ದರು. ಮೊದಲ ಮಹಾಯುದ್ಧದಲ್ಲಿ ಜನ ಸಾಲದಾದಾಗ ಕರೆದರು, ಯುದ್ಧ ಮುಗಿದ ಮೇಲೆ ಪಡೆಯನ್ನೇ ಮುಚ್ಚಿದರು. ಸುಬೇದಾರರ ಮಗನಾದ ಬಾಬಾಸಾಹೇಬರು ಇದರ ವಿರುದ್ಧ ದನಿ ಎತ್ತಿದರು. 1941ರಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಹಿಟ್ಲರನ ಸೋಲು ಆಗಲೇಬೇಕೆಂದು ಬಾಬಾಸಾಹೇಬರು ನಂಬಿದ್ದರು. ನಮಗೂ ಅದರಲ್ಲಿ ಅನುಮಾನವಿಲ್ಲ. ಆದರೆ ಫ್ಯಾಸಿಸಂ ವಿರುದ್ಧ ಹೊರಟ ಸೇನೆಯೇ ಬಣ್ಣ ನೋಡಿ, ಜಾತಿ ನೋಡಿ ಸಾಲು ಹಾಕಿದ್ದನ್ನು ಯಾರು ಹೇಳಬೇಕು? ಅಮೆರಿಕದ ಸೇನೆಯಲ್ಲಿ ಈ ಭೇದ ತೆಗೆಯುವ ಆಜ್ಞೆ ಹೊರಟದ್ದು 1948ರ ಜುಲೈನಲ್ಲಿ, ಗೆದ್ದು ಮೂರು ವರ್ಷವಾದ ಮೇಲೆ.

ಇನ್ನು ಕಮಲಾಪುರದ ಮಾತು. ಅಲ್ಲಿನ ಜನಕ್ಕೆ ವಿಮಾನ ಹೊಸದಲ್ಲ. ಹುಮನಾಬಾದಿನ ದಾರಿ ಹಿಡಿದು ಮುಂದೆ ಹೋದರೆ ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ. ಮ್ಯೂನ್‌ಸ್ಟರಿನ ಕಂತು ಮುಗಿದಾಗ ಎಲ್ಲರೂ, ಯಾರು ಸತ್ತರು, ಯಾರು ಉಳಿದರು ಎಂದು ಪೈಲಟ್ಟುಗಳ ಹೆಸರು ಹಿಡಿದು ಕೇಳತೊಡಗಿದರು. ಬಾಗಿಲ ಬಳಿ ಕೂತಿದ್ದ ಆಯಿಯೊಬ್ಬರು ಬಹಳ ಹೊತ್ತು ಸುಮ್ಮನಿದ್ದು ಅಂದರು: "ಮ್ಯಾಲಿನವ್ರು ಉಳದ್ರೋ ಇಲ್ಲೋ ಅಂತ ಕೇಳ್ಲಾಕತ್ತೀರಿ. ಕೆಳಗ ಮಂದಿ ಇರ್ಲಿಲ್ಲೇನು?"

ಇದ್ದರು. ಆ ದಿನ ಭಾನುವಾರ. ಗುರಿ ಊರಿನ ನಡುಭಾಗ, ಇಗರ್ಜಿಯ ಸುತ್ತಲ ದುಡಿಯುವ ಜನರ ಮನೆಗಳು. ಭಾನುವಾರ ಹೀಗೆ ಮಾಡುವುದು ಸರಿಯೇ ಎಂಬ ಅಳುಕು ಪೈಲಟ್ಟುಗಳಲ್ಲಿ ಕೆಲವರಿಗಿತ್ತು. ಆದರೆ ಕ್ಯಾಮೆರಾ ಮಾತ್ರ ವಿಮಾನದಿಂದ ಇಳಿಯಲು ಮನಸ್ಸು ಮಾಡುವುದು ಬಹಳ ಅಪರೂಪ. ಕೆಳಗೆ ಕಾಣುವುದು ಹೊಗೆ. ಹೊಗೆಗೆ ಹೆಸರಿಲ್ಲ, ಮನೆಯಿಲ್ಲ. ನಾಟಕದ ಮೂಲ ದೋಷ ಇಲ್ಲಿದೆ ಎಂದು ನಮ್ಮ ತೀರ್ಮಾನ. ಅದು ಸುಳ್ಳು ಹೇಳುವುದಿಲ್ಲ, ಕೂತ ಜಾಗದಿಂದ ಏಳುವುದಿಲ್ಲ.

ಆಯಿಯ ಪ್ರಶ್ನೆ ಬಂದದ್ದು ಜರ್ಮನಿಯಿಂದಲ್ಲ, ಇದೇ ನೆಲದಿಂದ. ರಜಾಕಾರರ ಹಾವಳಿಯನ್ನೂ ಅದರ ನಂತರದ್ದನ್ನೂ ಅವರು ತಮ್ಮವ್ವನ ಬಾಯಲ್ಲಿ ಕೇಳಿ ಬೆಳೆದವರು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೇನೆ ನಿಜಾಮನ ಹೈದರಾಬಾದಿನೊಳಗೆ ನುಗ್ಗಿತು, ಮೇಲೆ ವಾಯುಪಡೆಯ ಟೆಂಪೆಸ್ಟ್ ವಿಮಾನಗಳಿದ್ದವು. ಅದಕ್ಕೂ ಮುಂಚೆ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದವನು ಕರಾಚಿಯಿಂದ ನಿಜಾಮನಿಗೆ ಬಂದೂಕು ಸಾಗಿಸಿದ್ದ. ಅವನು ಬಳಸಿದ್ದು ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರಿನಿಂದಲೇ ರೂಪಿಸಿದ ವಿಮಾನಗಳನ್ನು. ಜರ್ಮನಿಯ ಮೇಲೆ ಹಾರಿದ ಯಂತ್ರದ ಸಂತಾನ ಹೀಗೆ ನಮ್ಮ ನೆತ್ತಿಯ ಮೇಲೂ ಹಾರಿತು.

ಸೆಪ್ಟೆಂಬರ್ 17ರಂದು ನಾವು ಧ್ವಜ ಹಾರಿಸುತ್ತೇವೆ. ನಿಜಾಮನ ದೌರ್ಜನ್ಯ ಹೋದದ್ದು ನಿಜವಾದ ಬಿಡುಗಡೆಯೇ. ಆದರೆ ಆ ವರ್ಷ ಕೇಂದ್ರ ಸರಕಾರ ಕಳಿಸಿದ ಸುಂದರಲಾಲ್ ಸಮಿತಿ, ಕಾರ್ಯಾಚರಣೆಯ ಹೊತ್ತಿನಲ್ಲೂ ಆಮೇಲೂ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಮುಸ್ಲಿಮರು, ಕೊಂದದ್ದು ಹೆಚ್ಚಾಗಿ ನೆಲದ ಮೇಲಿನ ಕೈಗಳು. ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ ಎರಡೂ ಸೇರಿವೆ. ಆ ವರದಿಯನ್ನು ದಶಕಗಟ್ಟಲೆ ಕತ್ತಲಲ್ಲಿಟ್ಟರು. ರಜಾಕಾರರ ಕೈಯಲ್ಲಿ ಸತ್ತವರ ಲೆಕ್ಕವನ್ನೂ ಈ ಲೆಕ್ಕವನ್ನೂ ಪಕ್ಕ ಪಕ್ಕ ಇಟ್ಟು ಓದುವ ಧೈರ್ಯ ನಮ್ಮ ಉತ್ಸವಗಳಿಗೆ ಇನ್ನೂ ಬಂದಿಲ್ಲ. ಕೇರಿಗಳಲ್ಲಿ ಆಗ ಏನಾಯಿತು ಎಂಬುದು ಇನ್ನೂ ಮುದುಕ ಮುದುಕಿಯರ ಬಾಯಲ್ಲೇ ಉಳಿದಿದೆ.

ಆದ್ದರಿಂದ ಮಾಸ್ತರರಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮ ವಿನಂತಿ: ಈ ನಾಟಕವನ್ನು ನೋಡಬೇಡಿ ಎನ್ನುವುದಿಲ್ಲ. ನೋಡಿ. ಓಣಿಯವರನ್ನು ಕೂರಿಸಿಕೊಂಡು ನೋಡಿ, ಮುಗಿದ ಮೇಲೆ ಮೊಬೈಲ್ ಬದಿಗಿಟ್ಟು ಅವರ ಮಾತು ಕೇಳಿ. ಆಯಿ, ಮುತ್ಯಾ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. 1948ನ್ನು ಕಣ್ಣಾರೆ ಕಂಡವರು ಈಗ ಬಹಳ ಜನ ಉಳಿದಿಲ್ಲ. ಅಮೆರಿಕದವರು ತಮ್ಮ ಹುಡುಗರ ಹೆಸರು ಹಿಡಿದು ಹಿಡಿದು ಒಂಬತ್ತು ಕಂತು ಮಾಡಿದರು. ನಮ್ಮವರ ಹೆಸರನ್ನು ಬರೆಯುವವರು ಮೇಲಿನಿಂದ ಇಳಿದು ಬರುವುದಿಲ್ಲ. ಕಾಪಿ ಪುಸ್ತಕ, ಪೆನ್ನು ಹಿಡಿದು ನಾವೇ ಕೂರಬೇಕು.