ಧಾರವಾಡ ಶಿಲೆಗಳು: ಬ್ರೂಸ್ ಫೂಟ್ ಅವರ ಸಂಶೋಧನೆಯ ಒಂದು ಮರುಪರಿಶೀಲನೆ

ಭೂಗೋಳದ ಮಾರ್ಗದರ್ಶಿಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ ಭಾರತದ ಪ್ರಾಚೀನ ಶಿಲೆಗಳ ಒಂದು ಪಟ್ಟಿ ತಪ್ಪದೆ ಕಾಣಿಸುತ್ತದೆ: ಆರ್ಕಿಯನ್, ಧಾರವಾಡ, ಕಡಪ, ವಿಂಧ್ಯ. ವಿದ್ಯಾರ್ಥಿಗಳು ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಹುಬ್ಬಳ್ಳಿಯ ದಕ್ಷಿಣದ ಅಂಚಿನಲ್ಲಿರುವ ಗಬ್ಬೂರಿನ ಹುಡುಗನೂ ಹಾಗೆಯೇ ಕಲಿಯುತ್ತಾನೆ. ಪಟ್ಟಿಯ ಎರಡನೆಯ ಹೆಸರು ತನ್ನ ಜಿಲ್ಲೆಯದೇ ಎಂದು ಅವನಿಗೆ ಗೊತ್ತು. ಆದರೆ ಆ ಹೆಸರನ್ನು ಯಾರು ಇಟ್ಟರು, ಯಾವ ಆಧಾರದಿಂದ ಇಟ್ಟರು, ಇಟ್ಟ ಮೇಲೆ ಅದು ಎಷ್ಟು ವಾದಗಳಿಗೆ ಕಾರಣವಾಯಿತು ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ಅವರನ್ನು ಇಂದು ನೆನೆಯುವವರು ಬಹುಮಟ್ಟಿಗೆ ಪ್ರಾಗಿತಿಹಾಸದ ವಿದ್ವಾಂಸರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಅವರಿಗೆ ಸಿಕ್ಕ ಕಲ್ಲಿನ ಕೊಡಲಿ ಅಷ್ಟು ಪ್ರಸಿದ್ಧವಾಗಿದೆ. ಆದರೆ ಅವರು ಸಂಬಳ ಪಡೆದದ್ದು ಬಂಡೆಗಳನ್ನು ಅಳೆದು ನಕ್ಷೆ ಬರೆಯಲು. ಆ ಕೆಲಸದ ಬೆಲೆ ಎಷ್ಟು ಎಂಬುದೇ ಇಲ್ಲಿನ ವಿಚಾರ.

ಜೀವನ ವೃತ್ತಾಂತ ಇಷ್ಟು: 1834ರಲ್ಲಿ ಇಂಗ್ಲೆಂಡಿನಲ್ಲಿ ಜನನ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿ ಮದರಾಸಿಗೆ ಬಂದರು. 1891ರಲ್ಲಿ ನಿವೃತ್ತರಾದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. 1912ರಲ್ಲಿ ತೀರಿಕೊಂಡರು.

ಅವರ ಮೊದಲ ದೊಡ್ಡ ಕೃತಿ 1876ರಲ್ಲಿ ಸರ್ವೇಕ್ಷಣೆಯ ಗ್ರಂಥಮಾಲೆಯಲ್ಲಿ ಬಂದ ದಕ್ಷಿಣ ಮರಾಠಾ ಸೀಮೆಯ ಭೂವಿವರಣೆ. ಬೆಳಗಾವಿ, ಧಾರವಾಡ, ಕಲಾದಗಿ ಭಾಗಗಳೆಲ್ಲ ಆಗ ಮುಂಬಯಿ ಪ್ರಾಂತದಲ್ಲಿದ್ದವು. ಬಾಗಲಕೋಟೆ, ಬಾದಾಮಿ, ಗೋಕಾಕದ ಸುತ್ತಲಿನ ಮರಳುಗಲ್ಲು, ಕ್ವಾರ್ಟ್ಸೈಟ್ ಮತ್ತು ಸುಣ್ಣಕಲ್ಲಿನ ಪದರಗಳಿಗೆ ಅವರು ಆಗ ಜಿಲ್ಲಾ ಕೇಂದ್ರವಾಗಿದ್ದ ಊರಿನ ಹೆಸರನ್ನೇ ಕೊಟ್ಟರು: ಕಲಾದಗಿ ಶ್ರೇಣಿ. ಕೆಳಗೆ ಮಡಿಚಿ ಹಿಂಡಿದಂತಿರುವ ಹಳೆಯ ತಳಶಿಲೆ, ಅದರ ಮೇಲೆ ಕಲಾದಗಿಯ ಪದರಗಳು, ಅವೆಲ್ಲವನ್ನೂ ಹೊದ್ದ ದಖ್ಖನಿನ ಲಾವಾ. ಈ ಮೂರು ಅಂತಸ್ತುಗಳ ಚಿತ್ರ ಇಂದಿಗೂ ಬದಲಾಗಿಲ್ಲ.

ಈ ಗ್ರಂಥದಲ್ಲಿ ಧಾರವಾಡ ಶ್ರೇಣಿ ಎಂಬ ಹೆಸರಿಲ್ಲ ಎಂಬುದನ್ನು ಗಮನಿಸಬೇಕು. ಆ ವೇಳೆಗೆ ಅವರು ಧಾರವಾಡ ಜಿಲ್ಲೆಯನ್ನು ತಿರುಗಿ ಮುಗಿಸಿದ್ದರು. ಡಂಬಳದ ಗುಡ್ಡಗಳ, ಎಂದರೆ ನಮ್ಮ ಕಪ್ಪತಗುಡ್ಡದ, ಚಿನ್ನದ ಶಿಲೆಗಳ ಬಗ್ಗೆ 1874ರಲ್ಲೇ ಬರೆದಿದ್ದರು. ಆದರೂ ಹೆಸರಿಡಲು ಅವಸರಪಡಲಿಲ್ಲ. ಮುಂದೆ ಬಳ್ಳಾರಿ ಮತ್ತು ಅನಂತಪುರದ ಕಡೆ ಹೋದಾಗ ಅಲ್ಲಿಯೂ ಅದೇ ಬಗೆಯ ಕಲ್ಲುಗಳು ಉದ್ದುದ್ದ ಪಟ್ಟಿಗಳಾಗಿ ನೈಸ್ ಬಂಡೆಗಳ ನಡುವೆ ಹಾದುಹೋಗುವುದನ್ನು ಕಂಡರು: ಕಪ್ಪು-ಹಸಿರು ಪದರುಶಿಲೆ, ಕೆಂಪು ಪಟ್ಟೆಗಳ ಕಬ್ಬಿಣಯುಕ್ತ ಕ್ವಾರ್ಟ್ಸ್, ನಡುನಡುವೆ ಗುಂಡುಕಲ್ಲುಗಳು ಬೆಸೆದುಕೊಂಡ ಕಾಂಗ್ಲಾಮರೇಟ್. ಇವು ನೈಸ್‌ನ ಭಾಗವಲ್ಲ, ಬೇರೆಯೇ ಒಂದು ಶ್ರೇಣಿ ಎಂದು 1886ರಲ್ಲಿ ಅವರು ಘೋಷಿಸಿದರು. ಮಾದರಿ ನೆಲ ಧಾರವಾಡವಾದ್ದರಿಂದ ಹೆಸರೂ ಧಾರವಾಡ. ಎರಡು ವರ್ಷಗಳ ನಂತರ ಬಂದ ಇನ್ನೊಂದು ಲೇಖನದಲ್ಲಿ ದಕ್ಷಿಣ ಭಾರತದ ಚಿನ್ನವೆಲ್ಲ ಮುಖ್ಯವಾಗಿ ಈ ಶ್ರೇಣಿಯಲ್ಲಿಯೇ ಇದೆ ಎಂದು ವಾದಿಸಿದರು. ಕೋಲಾರ, ಹಟ್ಟಿ, ಗದಗ ಮೂರೂ ಅವರ ಮಾತಿಗೆ ಸಾಕ್ಷಿ. ಹೆಸರು ಕೇವಲ ಹಣೆಪಟ್ಟಿಯಾಗದೆ ಚಿನ್ನವನ್ನು ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಬಾರದು ಎಂದು ಹೇಳುವಂತಾಯಿತು. ನನ್ನ ದೃಷ್ಟಿಯಲ್ಲಿ ಇದೇ ಅವರ ವೃತ್ತಿಜೀವನದ ಅತ್ಯುತ್ತಮ ಘಳಿಗೆ.

ಮುಂದೆ ಬಂದದ್ದು ಜಗಳ. ಧಾರವಾಡ ಶಿಲೆಗಳು ನೈಸ್‌ಗಿಂತ ಕಿರಿಯವು, ನೈಸ್‌ನ ಸವೆದ ಹಾಸಿನ ಮೇಲೆ ಸಂಗ್ರಹವಾದವು ಎಂಬುದು ಫೂಟ್ ಅವರ ನಿಲುವು. ಮೈಸೂರು ಇಲಾಖೆಯಲ್ಲಿ ಅವರ ನಂತರ ಬಂದ ಡಬ್ಲ್ಯು.ಎಫ್. ಸ್ಮೀತ್ ಅವರು ಇದನ್ನು ತಲೆಕೆಳಗು ಮಾಡಿದರು. 1916ರಲ್ಲಿ ಪ್ರಕಟವಾದ ಮೈಸೂರಿನ ಭೂಚರಿತ್ರೆಯ ರೂಪರೇಖೆಯಲ್ಲಿ ಧಾರವಾಡವೇ ಅತ್ಯಂತ ಹಳೆಯದು, ನೈಸ್ ಕರಗಿದ ಸ್ಥಿತಿಯಲ್ಲಿ ಅದರೊಳಗೆ ನುಗ್ಗಿದ ಕಿರಿಯ ಶಿಲೆ ಎಂದರು. ಕಾಂಗ್ಲಾಮರೇಟ್ ಕೂಡ ನೀರಿನಲ್ಲಿ ಉರುಳಿ ಬಂದ ಕಲ್ಲುಗಳದ್ದಲ್ಲ, ಒತ್ತಡಕ್ಕೆ ಸಿಕ್ಕಿ ಮುರಿದು ಉರುಟಾದದ್ದು ಎಂಬುದು ಅವರ ವಿವರಣೆ. ಇಲಾಖೆಯ ಅಧಿಕಾರ ಅವರ ಬೆನ್ನಿಗಿತ್ತು. ಬಹಳ ಕಾಲ ಮೈಸೂರಿನಲ್ಲಿ ಇದೇ ಮತ ನಡೆಯಿತು. ಬಿ. ರಾಮರಾವ್, ಸಿ.ಎಸ್. ಪಿಚ್ಚಮುತ್ತು ಅವರಂಥವರು ಈ ಕಲ್ಲುಗಳಲ್ಲಿ ನೀರಿನ ಕೆಲಸದ ಗುರುತುಗಳನ್ನು ತೋರಿಸಿದ ಮೇಲೆ ಅದರ ಬಿಗಿ ಸಡಿಲವಾಯಿತು.

ತರಗತಿಯಲ್ಲಿ ಚರ್ಚಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕಾಂಗ್ಲಾಮರೇಟ್‌ನೊಳಗೆ ನೈಸ್‌ನ ಗುಂಡುಕಲ್ಲು ಇದ್ದರೆ ನೈಸ್ ಮೊದಲೇ ಇತ್ತು ಎಂದಾಯಿತು. ಗೋಡೆಯಲ್ಲಿನ ಇಟ್ಟಿಗೆ ಗೋಡೆಗಿಂತ ಹಳೆಯದು. ಆದರೆ ನೈಸ್‌ನ ಎಳೆಗಳು ಪದರುಶಿಲೆಯನ್ನು ಸೀಳಿಕೊಂಡು ಹೋಗಿದ್ದರೆ, ಪದರುಶಿಲೆಯ ತುಂಡುಗಳು ನೈಸ್‌ನೊಳಗೆ ಸಿಕ್ಕಿಕೊಂಡಿದ್ದರೆ, ಪದರುಶಿಲೆಯೇ ಹಿರಿಯದು. ಎರಡೂ ತರ್ಕ ಸರಿ. ಎರಡಕ್ಕೂ ಕರ್ನಾಟಕದಲ್ಲಿ ಪುರಾವೆಗಳಿವೆ. ಹಾಗಾದರೆ ತಪ್ಪಿದವರು ಯಾರು?

ತಪ್ಪಿದ್ದು ಹೆಸರಿನಲ್ಲಿ. ನೋಡಲು ಒಂದೇ ತೆರನಾಗಿದ್ದ ಪದರುಶಿಲೆಗಳೆಲ್ಲವನ್ನೂ ಫೂಟ್ ಒಂದೇ ಹೆಸರಿನ ಕೆಳಗೆ ತಂದಿದ್ದರು. ಸ್ಮೀತ್ ಆ ಹೆಸರನ್ನು ಒಪ್ಪಿಕೊಂಡು ಕ್ರಮವನ್ನು ಮಾತ್ರ ಪ್ರಶ್ನಿಸಿದರು. ನಿಜವಾಗಿ ಅಲ್ಲಿ ಇದ್ದವು ಎರಡು ತಲೆಮಾರಿನ ಶಿಲೆಗಳು. ಸರ್ವೇಕ್ಷಣೆಯ ಜೆ. ಸ್ವಾಮಿನಾಥ್ ಮತ್ತು ಎಂ. ರಾಮಕೃಷ್ಣನ್ ಅವರು 1981ರ ಗ್ರಂಥದಲ್ಲಿ ಇವನ್ನು ಬಿಡಿಸಿಟ್ಟರು. ನೈಸ್‌ನೊಳಗೆ ಸಿಕ್ಕಿಕೊಂಡ ಹಳೆಯವು ಸರಗೂರು ಗುಂಪು. ನೈಸ್‌ನ ಮೇಲೆ ಕೂತ ಕಿರಿಯವು ಧಾರವಾಡ ಮಹಾಗುಂಪು. ಅದರಲ್ಲಿ ಬಾಬಾಬುಡನ್ ಗುಂಪು ಕೆಳಗೆ, ಚಿತ್ರದುರ್ಗ ಗುಂಪು ಮೇಲೆ. ಹುಬ್ಬಳ್ಳಿ-ಧಾರವಾಡದ ಶಿಲೆಗಳು ಸೇರುವುದು ಚಿತ್ರದುರ್ಗ ಗುಂಪಿಗೆ. ಎಂದರೆ, ಯಾವ ಊರಿನ ಹೆಸರನ್ನು ಫೂಟ್ ಆರಿಸಿದರೋ ಆ ಊರಿನ ಮಟ್ಟಿಗೆ ಅವರು ಹೇಳಿದ ಕ್ರಮವೇ ನಿಂತಿತು. ಸ್ಮೀತ್ ಹೇಳಿದ್ದು ಸರಗೂರಿನಂಥ ಕಡೆ ನಿಂತಿತು.

ಇಲ್ಲಿ ಭೌತವಿಜ್ಞಾನದ ಪಾತ್ರವನ್ನು ಹೇಳಲೇಬೇಕು. ಫೂಟ್ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಬಂಡೆಯ ವಯಸ್ಸನ್ನು ಅಳೆಯುವ ಸಾಧನವೇ ಇರಲಿಲ್ಲ. ಇದ್ದ ಅಂದಾಜು ನಮ್ಮವರೇ ಆದ ಲಾರ್ಡ್ ಕೆಲ್ವಿನ್ ಅವರದು. ಭೂಮಿ ತಣಿದ ಲೆಕ್ಕದಿಂದ ಅವರು 1862ರಲ್ಲಿ ಎರಡು ಕೋಟಿಯಿಂದ ನಲವತ್ತು ಕೋಟಿ ವರ್ಷ ಎಂದಿದ್ದರು. 1897ರ ಹೊತ್ತಿಗೆ ಅದನ್ನೂ ಎರಡರಿಂದ ನಾಲ್ಕು ಕೋಟಿಗೆ ಇಳಿಸಿದರು. ಗಣಿತ ಅಚ್ಚುಕಟ್ಟು, ಆಧಾರಭಾವನೆ ತಪ್ಪು. ಭೌತವಿಜ್ಞಾನದ ಅಧ್ಯಾಪಕರು ಇದನ್ನು ಆಗಾಗ ನೆನಪಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಒಂದು ವರ್ಷ ಮೊದಲೇ ಬೆಕೆರೆಲ್ ವಿಕಿರಣಪಟುತ್ವವನ್ನು ಕಂಡಿದ್ದರು. 1911ರಲ್ಲಿ ಆರ್ಥರ್ ಹೋಮ್ಸ್ ಯುರೇನಿಯಂ-ಸೀಸದ ಲೆಕ್ಕದಿಂದ ಸಿಂಹಳದ ಒಂದು ಶಿಲೆಗೆ 164 ಕೋಟಿ ವರ್ಷ ಕೊಟ್ಟರು. ಫೂಟ್ ಆಗ ಬದುಕಿದ್ದರು.

ಕರ್ನಾಟಕದ ನೈಸ್‌ಗೆ ನಂಬಲರ್ಹವಾದ ದೊಡ್ಡ ಸಂಖ್ಯೆ ಬಂದದ್ದು 1980ರಲ್ಲಿ. ಬೆಕಿನ್ಸೇಲ್ ಮತ್ತು ಸಂಗಡಿಗರು ಹಾಸನ ಜಿಲ್ಲೆಯ ಗೊರೂರಿನ ಕಡೆಯ ನೈಸ್‌ಗೆ ರುಬಿಡಿಯಂ-ಸ್ಟ್ರಾಂಷಿಯಂ ವಿಧಾನದಿಂದ ಸುಮಾರು 336 ಕೋಟಿ ವರ್ಷ ಎಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ರುಬಿಡಿಯಂ-87ರ ಅರ್ಧಾಯು ಸುಮಾರು 4,900 ಕೋಟಿ ವರ್ಷ. ಅಷ್ಟು ದೀರ್ಘ ಕಾಲದಲ್ಲಿಯೂ ಆ ಬಂಡೆಯ ರುಬಿಡಿಯಂ-87ರಲ್ಲಿ ಕ್ಷಯಿಸಿದ್ದು ನೂರಕ್ಕೆ ಐದಕ್ಕಿಂತ ಕಡಿಮೆ. ಹಲವು ತುಣುಕುಗಳ ಐಸೊಟೋಪು ಅನುಪಾತಗಳನ್ನು ಗ್ರಾಫಿನಲ್ಲಿ ಗುರುತಿಸಿದರೆ ಅವು ಒಂದು ಸರಳರೇಖೆಯ ಮೇಲೆ ಬೀಳುತ್ತವೆ. ರೇಖೆಯ ಓಟವೇ ವಯಸ್ಸನ್ನು ಹೇಳುತ್ತದೆ. 336 ಕೋಟಿ ವರ್ಷಕ್ಕೆ ಆ ಓಟ ಸುಮಾರು 0.049. ಅರ್ಧಾಯು ಕೊಟ್ಟು ಇದನ್ನು ಲೆಕ್ಕ ಹಾಕಿಸಿದರೆ ಪದವಿಪೂರ್ವ ತರಗತಿಗೆ ಚೆನ್ನಾದ ಅಭ್ಯಾಸವಾದೀತು. 1996ರಲ್ಲಿ ಸಮೇರಿಯಂ-ನಿಯೋಡಿಮಿಯಂ ವಿಧಾನದಿಂದ ಬಾಬಾಬುಡನ್ ಗುಂಪಿನ ಲಾವಾಗಳಿಗೆ ಸುಮಾರು 290 ಕೋಟಿ, ಚಿತ್ರದುರ್ಗ ಗುಂಪಿನವಕ್ಕೆ ಸುಮಾರು 275 ಕೋಟಿ ವರ್ಷ ಸಿಕ್ಕಿತು. ನೈಸ್ ಕೆಳಗೆ, ಧಾರವಾಡ ಮೇಲೆ. ಸುತ್ತಿಗೆ ಮತ್ತು ಕಣ್ಣು 1886ರಲ್ಲಿ ಹೇಳಿದ್ದನ್ನು ರೋಹಿತಮಾಪಕ ನೂರು ವರ್ಷದ ಮೇಲೆ ಸಂಖ್ಯೆಯಲ್ಲಿ ಬರೆಯಿತು.

ಆದರೂ ಫೂಟ್ ಅವರನ್ನು ಪೂರ್ತಿ ಮೆಚ್ಚಿ ಮುಗಿಸಲಾಗದು. ಹೋಲಿಕೆಯ ಮೇಲೆ ಹೆಸರಿಡುವ ಪದ್ಧತಿ ಅವರಿಂದ ಬಂದು ಅವರ ನಂತರ ಮಿತಿಮೀರಿತು. ರಾಜಸ್ಥಾನದ್ದೋ ಈಶಾನ್ಯದ್ದೋ ಹಳೆಯ ಪದರುಶಿಲೆ ಸಿಕ್ಕರೆ ಅದನ್ನೂ 'ಧಾರವಾಡ' ಎಂದರು. ಅಲ್ಲಿನ ವಯಸ್ಸು ಬೇರೆ, ಚರಿತ್ರೆ ಬೇರೆ. ಭೂವಿಜ್ಞಾನಿಗಳು ಇದನ್ನು ಕೈಬಿಟ್ಟು ಬಹಳ ವರ್ಷಗಳಾದವು, ಕೈಪಿಡಿಗಳು ಬಿಟ್ಟಿಲ್ಲ. ಧಾರವಾಡ ಶಿಲೆಗಳು ಭಾರತದ ತುಂಬ ಹರಡಿವೆ ಎಂಬ ವಾಕ್ಯವನ್ನು ಅಧ್ಯಾಪಕರು ಧೈರ್ಯವಾಗಿ ಹೊಡೆದುಹಾಕಬಹುದು.

ಕಲಾದಗಿಯಲ್ಲಿಯೂ ಒಂದೇ ಹೆಸರಿನ ತೊಡಕಿದೆ. ಫೂಟ್ ಒಂದೇ ಶ್ರೇಣಿಯೆಂದು ಕರೆದದ್ದು ಈಗ ಎರಡಾಗಿದೆ. ಕೆಳಗಿನ ಬಾಗಲಕೋಟೆ ಗುಂಪಿನ ಪದರಗಳು ಮಡಿಚಿ ಓರೆಯಾಗಿವೆ. ಅವು ಸವೆದು ಸಮತಟ್ಟಾದ ಮೇಲೆ ಬಾದಾಮಿ ಗುಂಪಿನ ಮರಳು ಬಹುಮಟ್ಟಿಗೆ ಅಡ್ಡಡ್ಡವಾಗಿ ಹಾಸಿಕೊಂಡಿದೆ. ನಡುವೆ ಕಳೆದ ಕಾಲ ದೀರ್ಘವಾದದ್ದು. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯರು ಕೊರೆದದ್ದು ಈ ಮೇಲಿನ ಮರಳುಗಲ್ಲಿನಲ್ಲಿ. ಇಲ್ಲಿ ಐಸೊಟೋಪುಗಳು ಅಷ್ಟು ಸುಲಭವಾಗಿ ನೆರವಿಗೆ ಬರುವುದಿಲ್ಲ. ಮರಳುಗಲ್ಲಿನೊಳಗಿನ ಜಿರ್ಕಾನ್ ಹರಳು ತಾನು ಹುಟ್ಟಿದ ಮೂಲಶಿಲೆಯ ವಯಸ್ಸನ್ನು ಹೇಳುತ್ತದೆ, ಮರಳು ಅಲ್ಲಿ ಬಂದು ತಂಗಿದ ಕಾಲವನ್ನಲ್ಲ. ಮರಳುಗಲ್ಲು ಆ ಹರಳಿಗಿಂತ ಕಿರಿಯದು ಎಂದಷ್ಟೇ ಖಚಿತವಾಗುತ್ತದೆ. ಆದ್ದರಿಂದ ಬಾಗಲಕೋಟೆ ಮೊದಲು, ಬಾದಾಮಿ ನಂತರ ಎಂಬ ನಿರ್ಣಯಕ್ಕೆ ಮುಖ್ಯ ಆಧಾರ ಇಂದಿಗೂ ಓರೆಯಾದ ಪದರಗಳ ತಲೆ ಕತ್ತರಿಸಿ ಅವುಗಳ ಮೇಲೆ ಚಪ್ಪಟೆಯಾಗಿ ಕುಳಿತ ಮರಳುಗಲ್ಲೇ ಆಗಿದೆ.