ಹಬ್ಬಕ್ಕೆ ಹೊರಟ ರೈಲು

ದುಡಿಯಲು ಗೋವಾ, ಪುಣೆಗೆ ಹೋದ ತಂದೆತಾಯಿ, ಆಯಿಯ ಹತ್ತಿರ ಉಳಿದ ಮಕ್ಕಳು, ಹಬ್ಬಕ್ಕೆ ಕಾಲಿಡಲೂ ಜಾಗವಿಲ್ಲದ ಬಸ್ಸು. ಘೋಣಸಗಿಯಂಥ ಊರಿನವರಿಗೆ 'ಲಾಸ್ಟ್ ಟ್ರೇನ್ ಹೋಮ್' ಸಾಕ್ಷ್ಯಚಿತ್ರವನ್ನು ಬಿಡಿಸಿ ಹೇಳಬೇಕಿಲ್ಲ. 2009ರ ಈ ಚಿತ್ರ ಫಾನ್ ಲಿಷಿನ್ ಅವರದು. ಚೀನಾದ ಗ್ವಾಂಗ್‌ಝೌನಲ್ಲಿ ಬಟ್ಟೆ ಹೊಲಿಯುವ ದಂಪತಿ, ಸಿಚುವಾನ್ ಹಳ್ಳಿಯ ಅಜ್ಜಿಮನೆಯಲ್ಲಿ ಬೆಳೆದ ಮಕ್ಕಳು, ಹೊಸವರ್ಷದ ವಸಂತ ಹಬ್ಬಕ್ಕೊಮ್ಮೆ ಭೇಟಿ.

ಕ್ಯಾಮೆರಾದ ತಾಳ್ಮೆ ನೋಡಬೇಕು! ನಿರೂಪಕರ ದನಿಯೇ ಇಲ್ಲ. 2008ರ ಹಿಮಪಾತಕ್ಕೆ ರೈಲು ನಿಂತಾಗ ಕ್ಯಾಮೆರಾವೂ ಆ ಜನಜಂಗುಳಿಯೊಳಗೇ ಸಿಕ್ಕಿಕೊಳ್ಳುತ್ತದೆ. ಮೊದಲು ಎತ್ತರದಿಂದ ಕೊಡೆಗಳ ಸಾಗರ, ಆಮೇಲೆ ಒಂದೊಂದೇ ಮುಖ. ಹೊಲಿಗೆ ಯಂತ್ರದ ಗರಗರ ಸದ್ದನ್ನು ತಗ್ಗಿಸಿಲ್ಲ. ಅದು ಮಾತನ್ನು ನುಂಗಿದರೆ ನುಂಗಲಿ ಎಂದು ಬಿಟ್ಟಿದ್ದಾರೆ. ಅದು ಧೈರ್ಯ.

ತಪ್ಪಿಹೋದ ಮಗನ ಸಾಮ್ಯವನ್ನು ಬಲ್ಲ ಕ್ರೈಸ್ತ ಕಣ್ಣಿಗೆ ಇಲ್ಲಿ ಎಲ್ಲವೂ ತಿರುವುಮುರುವು. ದೂರದೇಶಕ್ಕೆ ಹೋದದ್ದು ಮಗನಲ್ಲ, ಹೆತ್ತವರು, ಅದೂ ಮಕ್ಕಳ ಹೊಟ್ಟೆಗಾಗಿ. ಕಾದು ಬೇಸತ್ತ ಮಗಳು ಶಾಲೆ ಬಿಟ್ಟು ತಾನೂ ಕಾರ್ಖಾನೆ ಸೇರುತ್ತಾಳೆ. ಹಬ್ಬದ ಮನೆಯಲ್ಲಿ ತಂದೆ ಅವಳ ಮೇಲೆ ಕೈಮಾಡುತ್ತಾನೆ. ಅವಳು ನೇರ ಕ್ಯಾಮೆರಾದತ್ತ ತಿರುಗಿ, ನಿಜವಾದ ನನ್ನನ್ನು ಚಿತ್ರಿಸಬೇಕಿತ್ತಲ್ಲ, ಇದೇ ನಾನು ಎಂದು ಕೂಗುತ್ತಾಳೆ. ಸಂಕಲನದಲ್ಲಿ ಅದನ್ನು ಕತ್ತರಿಸದೆ ಉಳಿಸಿಕೊಂಡ ಕೈಗೆ ನನ್ನ ನಮಸ್ಕಾರ.